ಕಂಠೀರವದಲ್ಲಿ ಒಂದು ಸೀಸನ್: ಬೆಂಗಳೂರು ಎಫ್‌ಸಿ ಟಿಕೆಟ್‌ಗೆ ಕೊಟ್ಟ ದುಡ್ಡು ವಸೂಲಾಯಿತಾ?

ನಾನು ಬಿಎಂಟಿಸಿ ಕಂಡಕ್ಟರ್. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬು ಬೆಂಗಳೂರು ಎಫ್‌ಸಿ 2024-25ರ ಸೀಸನ್‌ನಲ್ಲಿ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) 12 ಲೀಗ್ ಮ್ಯಾಚನ್ನು ಕಂಠೀರವ ಸ್ಟೇಡಿಯಂನಲ್ಲಿ ಆಡಿತು. ಅದರಲ್ಲಿ ಒಂಬತ್ತನ್ನು ಸ್ಟ್ಯಾಂಡಿನಲ್ಲಿ ಕೂತು ನೋಡಿದೆ. ಅದರ ಮೇಲೆ ಪ್ಲೇಆಫ್ ಒಂದು, ಸೆಮಿಫೈನಲ್ ಒಂದು. ತಪ್ಪಿಹೋದ ಮೂರೂ ಮ್ಯಾಚಿನ ದಿನ ನನಗೆ ಸೆಕೆಂಡ್ ಶಿಫ್ಟ್ ಇತ್ತು, ಬದಲಿಗೆ ಬರಲು ಯಾರೂ ಸಿಗಲಿಲ್ಲ. ನೋಡಿದ ಎಲ್ಲ ಮ್ಯಾಚಿಗೂ ಮಗಳು ಜೊತೆಗಿದ್ದಳು. ಅವಳು ಒಂಬತ್ತನೇ ಕ್ಲಾಸು. ಸ್ಕೂಲ್ ಟೀಮಿನಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಾಳೆ.

ಡಿಪೋದಲ್ಲಿ ನನ್ನನ್ನು ಕೇಳುವವರು ಬಹಳ. "ಏನಣ್ಣಾ, ಐಎಸ್‌ಎಲ್ ಕಪ್ ಗೆದ್ದು ಆರು ವರ್ಷ ಆಯ್ತು. ಇನ್ನೂ ಹೊಸ ಟೀಮ್ ಕಟ್ತಾನೇ ಇದ್ದಾರೆ. ದುಡ್ಡು ಕೊಟ್ಟು ಹೋಗಿ ನೋಡೋಕೆ ಏನಿದೆ ಅಲ್ಲಿ?" ಕೇಳುವುದು ನ್ಯಾಯವೇ. ತಿಂಗಳ ಸಂಬಳದಲ್ಲಿ ಎರಡು ಟಿಕೆಟ್ ದುಡ್ಡು ಪಕ್ಕಕ್ಕಿಡುವುದು ನಮ್ಮಂಥವರಿಗೆ ಸಣ್ಣ ಮಾತಲ್ಲ. ಹಾಗಾಗಿ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತಿದ್ದೇನೆ. ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಉಪಯೋಗ ಆಗಬಹುದು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಹತ್ತೊಂಬತ್ತು ಇಪ್ಪತ್ತರ ಹುಡುಗರು ನಮ್ಮ ಕಣ್ಣೆದುರೇ ಆಟಗಾರರಾಗುವುದನ್ನು ನೋಡಲು ಈ ಊರಿನಲ್ಲಿ ಬೇರೆ ಜಾಗ ಇಲ್ಲ. ನನ್ನ ತಕರಾರು ಒಂದೇ. ಆ ಹುಡುಗರಲ್ಲಿ ಮುಂದಿನ ಸಾಲಿನಲ್ಲಿ ನಿಂತು ಗೋಲು ಹೊಡೆಯುವವನನ್ನು ಕ್ಲಬ್ಬು ಇನ್ನೂ ಬೆಳೆಸಿಲ್ಲ. ಅದು ಆಗುವ ತನಕ ಟೀಮ್ ಕಟ್ಟುವ ಕೆಲಸ ಅರ್ಧವೇ ಅಂತ ನಾನು ಅಂದುಕೊಂಡಿದ್ದೇನೆ.

ಹೊಸಬರಿಗೆ ಸ್ವಲ್ಪ ಹಿಂದಿನ ಕಥೆ. ಕ್ಲಬ್ಬು ಶುರುವಾದದ್ದು 2013ರಲ್ಲಿ. ಜೆಎಸ್‌ಡಬ್ಲ್ಯೂ ಗ್ರೂಪ್‌ನವರದ್ದು. ಮೊದಲ ವರ್ಷ ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ನಮ್ಮಪ್ಪ ಐಟಿಐ, ಎಚ್‌ಎಎಲ್ ಮ್ಯಾಚುಗಳಿಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದದ್ದು ಅದೇ ಸ್ಟೇಡಿಯಂಗೆ. ಹೊಸ ಕ್ಲಬ್ಬು, ಮೊದಲ ಸೀಸನ್, ಆಗ ದೇಶದ ಮುಖ್ಯ ಲೀಗಾಗಿದ್ದ ಐ-ಲೀಗ್ ಗೆದ್ದೇಬಿಟ್ಟಿತು. 2015-16ರಲ್ಲಿ ಮತ್ತೊಮ್ಮೆ. ಫೆಡರೇಷನ್ ಕಪ್ಪೂ ಎರಡು ಸಲ. 2016ರಲ್ಲಿ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್‌ನ ಫೈನಲ್‌ಗೂ ಹೋಯಿತು, ದೋಹಾದಲ್ಲಿ ಇರಾಕ್‌ನ ಟೀಮಿನ ಎದುರು 1-0 ಸೋತಿತು. ಐಎಸ್‌ಎಲ್‌ಗೆ ಬಂದ ಮೊದಲ ವರ್ಷವೇ ಫೈನಲ್. 2018ರ ಮಾರ್ಚ್, ನಮ್ಮದೇ ಕಂಠೀರವ, ಚೆನ್ನೈಯಿನ್ ಎದುರು 3-2 ಸೋಲು. ಅವತ್ತು ನಾನು ಅಲ್ಲೇ ಇದ್ದೆ. ಮುಂದಿನ ವರ್ಷ ಮುಂಬೈಯಲ್ಲಿ ಗೋವಾವನ್ನು ಸೋಲಿಸಿ ಕಪ್ ತಂದರು. ರಾಹುಲ್ ಭೇಕೆ ಎಕ್ಸ್‌ಟ್ರಾ ಟೈಮಿನಲ್ಲಿ ತಲೆಯಿಂದ ಹೊಡೆದ ಆ ಗೋಲು ಈಗಲೂ ನನ್ನ ಫೋನಿನಲ್ಲಿದೆ.

ಗೆಲ್ಲುವುದು ಅಷ್ಟು ಅಭ್ಯಾಸ ಆಗಿಹೋಗಿತ್ತು. ಅದಕ್ಕೇ ಆಮೇಲಿನ ವರ್ಷಗಳು ಜಾಸ್ತಿ ನೋವು ಕೊಟ್ಟವು. 2020-21ರಲ್ಲಿ ಏಳನೇ ಜಾಗ. ಅದರ ಮುಂದಿನ ವರ್ಷ ಆರನೇದು. ಕೊರೊನಾ ಕಾರಣಕ್ಕೆ ಆ ಎರಡೂ ಸೀಸನ್ ನಮ್ಮ ಲೀಗ್ ಮ್ಯಾಚೆಲ್ಲ ಗೋವಾದಲ್ಲಿ, ಜನರಿಲ್ಲದ ಸ್ಟೇಡಿಯಂನಲ್ಲಿ ನಡೆದವು. ನಾವು ಟಿವಿಯಲ್ಲಿ ನೋಡಿದ್ದೇ ಬಂತು. ಸುರೇಶ್ ಸಿಂಗ್ ವಾಂಗ್ಜಮ್, ನವೋರೆಮ್ ರೋಷನ್ ಸಿಂಗ್, ಈ ಮಣಿಪುರದ ಹುಡುಗರು ಗಟ್ಟಿಯಾದದ್ದು ಆ ಖಾಲಿ ಸ್ಟೇಡಿಯಂಗಳಲ್ಲೇ. ರೋಷನ್‌ಗೆ 2021-22ರ ಐಎಸ್‌ಎಲ್ ಉದಯೋನ್ಮುಖ ಆಟಗಾರ ಪ್ರಶಸ್ತಿ ಬಂತು. ನಾವು ಮನೆಯಲ್ಲಿ ಚಪ್ಪಾಳೆ ಹೊಡೆದೆವು. ಎದುರು ನಿಂತು ಹೊಡೆಯಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

2022-23 ಚೆನ್ನಾಗಿತ್ತು. ಡ್ಯುರಾಂಡ್ ಕಪ್ ಗೆದ್ದರು, ಲೀಗಿನ ಕೊನೆಯಲ್ಲಿ ಸಾಲಾಗಿ ಎಂಟು ಮ್ಯಾಚ್ ಗೆದ್ದರು, ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತರು. ಶಿವಶಕ್ತಿ ನಾರಾಯಣನ್ ಅನ್ನುವ ತಮಿಳುನಾಡಿನ ಹುಡುಗ ಡ್ಯುರಾಂಡ್ ಫೈನಲ್‌ನಲ್ಲೂ ಗೋಲು ಹೊಡೆದ, ಐಎಸ್‌ಎಲ್‌ನಲ್ಲೂ ಹೊಡೆದ. ಆ ವರ್ಷದ ಉದಯೋನ್ಮುಖ ಆಟಗಾರ ಅವನೇ. ಆಗಿನ್ನೂ ಇಪ್ಪತ್ತೊಂದು ವರ್ಷ. ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂತ ನಾನು ನಮ್ಮ ಡ್ರೈವರ್‌ಗೆ ಹೇಳಿದ್ದೆ.

ಅದರ ಮುಂದಿನ ಸೀಸನ್ ಬಗ್ಗೆ ಬರೆಯಲು ಕೈ ಬರುವುದಿಲ್ಲ. 22 ಮ್ಯಾಚ್, 22 ಪಾಯಿಂಟ್. ಹನ್ನೆರಡು ಟೀಮಿನಲ್ಲಿ ಹತ್ತನೇ ಜಾಗ. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ನಾಲ್ಕು ಗೋಲು ಹಾಕಿತು. ಮಾರನೇ ದಿನವೇ ಕೋಚ್ ಸೈಮನ್ ಗ್ರೇಸನ್ ಹೋದರು. ಜೆರಾರ್ಡ್ ಝರಗೋಝಾ ಬಂದರು. ಕಪ್ ಗೆದ್ದ 2018-19ರಲ್ಲಿ ಅಸಿಸ್ಟೆಂಟ್ ಆಗಿದ್ದವರು ಇವರೇ. ಇವರು ಬಂದ ಕೂಡಲೇ ಏನೂ ಬದಲಾಗಲಿಲ್ಲ. ಏಪ್ರಿಲ್‌ನಲ್ಲಿ ಸೀಸನ್‌ನ ಕೊನೆಯ ಹೋಮ್ ಮ್ಯಾಚ್, ಮೋಹನ್ ಬಾಗಾನ್ ಎದುರು ಮತ್ತೆ 4-0. ಅವತ್ತು ವಾಪಸ್ ಬರುವಾಗ ಮಗಳು ಕಾರ್ಪೊರೇಷನ್ ತನಕ ಒಂದು ಮಾತೂ ಆಡಲಿಲ್ಲ. ಬಸ್ ಹತ್ತಿದ ಮೇಲೆ, "ಮುಂದಿನ ವರ್ಷಾನೂ ಬರೋಣ ಅಲ್ವಾ ಅಪ್ಪಾ?" ಅಂದಳು. ಬರೋಣ ಅಂದೆ.

ಹಾಗೆ ಬಂದ ಮೊದಲ ಮ್ಯಾಚೇ 2024ರ ಸೆಪ್ಟೆಂಬರ್ 14ರದ್ದು. ಶನಿವಾರ ಸಂಜೆ, ಈಸ್ಟ್ ಬೆಂಗಾಲ್ ಎದುರು. ಆಡುವ ಹನ್ನೊಂದು ಜನರ ಹೆಸರು ಓದುವಾಗ ವಿನೀತ್ ವೆಂಕಟೇಶ್ ಅಂತ ಒಂದು ಹೆಸರು ಬಂತು. ಸುತ್ತಮುತ್ತ ಕೂತಿದ್ದ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮಗಳಿಗೆ ಗೊತ್ತಿತ್ತು. "ಅಪ್ಪಾ, ನಮ್ಮೂರಿನವನೇ. ಕ್ಲಬ್ಬಿನ ಅಕಾಡೆಮಿಯಿಂದ ಬಂದಿರೋದು. ಹತ್ತೊಂಬತ್ತು ವರ್ಷ. ನನಗಿಂತ ಐದೇ ವರ್ಷ ದೊಡ್ಡವನು" ಅಂದಳು. ಅವನಿಗೆ ಐಎಸ್‌ಎಲ್‌ನಲ್ಲಿ ಅದು ಮೊದಲ ಮ್ಯಾಚು.

25ನೇ ನಿಮಿಷ. ನಾನು ಚುರುಮುರಿ ಪೊಟ್ಟಣದ ತಳದಲ್ಲಿ ಉಳಿದಿದ್ದ ಕಡ್ಲೇಬೀಜ ಹುಡುಕುತ್ತಿದ್ದೆ. ಮಗಳು ನನ್ನ ಮೊಣಕೈ ಹಿಡಿದು ಎಳೆದಳು. ತಲೆ ಎತ್ತುವಷ್ಟರಲ್ಲಿ ಅವನ ಕಾಲಿಂದ ಬಾಲ್ ಬಿಟ್ಟಿತ್ತು. ನೆಟ್ ಅಲ್ಲಾಡಿದ್ದು ಕಂಡಿತು. ಪೊಟ್ಟಣ ಎಲ್ಲಿ ಹೋಯಿತೋ ಗೊತ್ತಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬರು ವಯಸ್ಸಾದವರು, ಎಪ್ಪತ್ತರ ಮೇಲೆಯೇ ಇರಬೇಕು, ಮೊದಲಿಂದಲೂ ಸುಮ್ನೆ ಕೂತಿದ್ದವರು, ಎದ್ದು ನಿಂತು "ನಮ್ ಹುಡ್ಗ! ನಮ್ ಹುಡ್ಗ!" ಅಂತ ಎರಡು ಸಲ ಕೂಗಿ ಮತ್ತೆ ಕೂತರು. ಮ್ಯಾಚ್ 1-0 ಗೆದ್ದೆವು. ಗೋಲು ಅದೊಂದೇ.

ಆ ಅಜ್ಜನ ಮಾತು ಯಾಕೆ ಅಷ್ಟು ನಾಟಿತು ಅಂತ ಹೇಳಬೇಕು. ನಮ್ಮ ಊರಿನ ಫುಟ್‌ಬಾಲ್ ಇವತ್ತಿನದಲ್ಲ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಗೋಲು, 1948ರ ಲಂಡನ್‌ನಲ್ಲಿ ಫ್ರಾನ್ಸ್ ಎದುರು, ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಟೀಮಿನಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ನಮ್ಮನೆ ಹತ್ತಿರದ ಗೌತಮಪುರಕ್ಕೆ ಹೋದರೆ ಬೀದಿಯಲ್ಲಿ ಪೆಲೆ ಪ್ರತಿಮೆ ನಿಲ್ಲಿಸಿದ್ದಾರೆ. ರಾಜ್ಯಗಳ ಟೀಮುಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು. 1968-69ರ ನಂತರ ಮತ್ತೆ ಕೈಗೆ ಸಿಕ್ಕಿದ್ದು 2023ರಲ್ಲಿ. ಇಷ್ಟೆಲ್ಲ ಇರುವ ಊರಲ್ಲಿ, ಊರಿನ ಹೆಸರಿರುವ ಕ್ಲಬ್ಬಿಗೆ ಊರಿನ ಹುಡುಗ ಮೊದಲ ಮ್ಯಾಚಲ್ಲೇ ಗೋಲು ಹೊಡೆದರೆ ಎಪ್ಪತ್ತು ವರ್ಷದವರು ಎದ್ದು ಕೂಗದೆ ಇರುತ್ತಾರಾ?

ಈಗ ಸ್ಟೇಡಿಯಂ ವಿಷಯ. ಕಂಠೀರವ ಅಥ್ಲೆಟಿಕ್ಸ್‌ಗೆ ಕಟ್ಟಿದ್ದು. ಮೈದಾನಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಹಾಗಾಗಿ ಆಟ ಸ್ವಲ್ಪ ದೂರ ಕಾಣುತ್ತದೆ. ಟಿವಿಯಲ್ಲಿ ಕಾಣುವ ಮುಖ ಇಲ್ಲಿ ಕಾಣುವುದಿಲ್ಲ. ಟಿವಿಯಲ್ಲಿ ಕಾಣದ ಒಂದು ವಿಷಯ ಮಾತ್ರ ಇಲ್ಲಿ ಕಾಣುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಈ ಇಡೀ ಸೀಸನ್ ಅರ್ಥವಾಗಿದ್ದು ಅದರಿಂದಲೇ.

ಬದಲಿ ಆಟಗಾರರು ವಾರ್ಮ್ ಅಪ್ ಮಾಡುವುದು ಈ ಟ್ರ್ಯಾಕ್ ಕಡೆ. ಮೂಲೆಯ ಹತ್ತಿರ ಕೂತರೆ ಅವರು ನಮಗೆ ಹತ್ತಾರು ಅಡಿ ದೂರದಲ್ಲೇ ಇರುತ್ತಾರೆ. ಒಂದು ಮ್ಯಾಚಿನ ಸೆಕೆಂಡ್ ಹಾಫ್‌ನಲ್ಲಿ ಒಬ್ಬ ಹುಡುಗ ಬಂದ. ಹೆಸರು ಬೇಡ, ಬೇಜಾರು ಮಾಡಿಕೊಳ್ಳುವುದು ಬೇಡ. ಜೆರ್ಸಿ ಮೇಲೆ ಬಣ್ಣದ ಬಿಬ್ಬು, ಅಂದರೆ ಬದಲಿ ಆಟಗಾರರು ಹಾಕಿಕೊಳ್ಳುವ ತೋಳಿಲ್ಲದ ಅಂಗಿ. ಹೋದ, ಬಂದ. ಮಂಡಿ ಎದೆಗೆ ಎತ್ತಿದ. ಪಕ್ಕಕ್ಕೆ ಜಾರಿದ ಹಾಗೆ ಓಡಿದ. ಪ್ರತಿ ಸಲ ತಿರುಗುವಾಗಲೂ ಬೆಂಚಿನ ಕಡೆ ಒಂದು ನೋಟ. 60ನೇ ನಿಮಿಷ ಒಬ್ಬರನ್ನು ಕರೆದರು, ಇವನಲ್ಲ. ಬಗ್ಗಿ ಶೂ ಲೇಸು ಬಿಚ್ಚಿ ಕಟ್ಟಿದ. 70ನೇ ನಿಮಿಷ ಇನ್ನಿಬ್ಬರನ್ನು ಕರೆದರು. ಮತ್ತೆ ಲೇಸು. 80 ದಾಟಿತು. ಆಗಲೂ ಅವನು ಓಟ ನಿಲ್ಲಿಸಲಿಲ್ಲ. ಬೆವರು ಬಿಬ್ಬಿನಿಂದ ತೊಟ್ಟಿಕ್ಕುತ್ತಿತ್ತು. ಮಗಳು ಆಟ ನೋಡುವುದನ್ನೇ ಬಿಟ್ಟಿದ್ದಳು. "ಇವನನ್ನ ಕರೀರಿ, ಇವನನ್ನ ಕರೀರಿ" ಅಂತ ಬಾಯಲ್ಲೇ ಗೊಣಗುತ್ತಿದ್ದಳು. ಕೊನೆಯ ವಿಷಲ್ ಆಯಿತು. ಅವನು ಬಿಬ್ಬು ತೆಗೆದು ಮಡಚಿ ಕೈಯಲ್ಲಿ ಹಿಡಿದುಕೊಂಡ. ಸ್ಟ್ಯಾಂಡಿನಲ್ಲಿ ಯಾರೋ ಚಿಕ್ಕ ಮಗು ಕೈ ಬೀಸಿತು. ಅವನೂ ಬೀಸಿದ. ಆಮೇಲೆ ಉಳಿದವರ ಹಿಂದೆ ಹೋದ.

ಕೋಚ್ ಕಷ್ಟ ನನಗೆ ಅರ್ಥವಾಗುತ್ತದೆ. ಹಿಂದಿನ ವರ್ಷ ಹತ್ತನೇ ಜಾಗ ಬಂದಿದೆ, ಈ ವರ್ಷ ಪ್ರತಿ ಪಾಯಿಂಟೂ ಬೇಕು. ಆಟ ಕೈ ಜಾರುತ್ತಿರುವಾಗ ಅನುಭವ ಇದ್ದವರನ್ನೇ ಕಳಿಸಬೇಕು ಅನ್ನಿಸುತ್ತದೆ. ಅದರ ಜೊತೆಗೆ ಇನ್ನೊಂದು ಲೆಕ್ಕ ಇದೆ. ಆ ಸೀಸನ್ ಐಎಸ್‌ಎಲ್‌ನಲ್ಲಿ ಒಂದು ಹೊತ್ತಿಗೆ ನಾಲ್ಕು ವಿದೇಶಿ ಆಟಗಾರರು ಮಾತ್ರ ಮೈದಾನದಲ್ಲಿರಬಹುದಿತ್ತು. ಆ ನಾಲ್ಕು ಜಾಗವನ್ನು ಯಾವ ಕ್ಲಬ್ಬಾದರೂ ಎಲ್ಲಿ ಖರ್ಚು ಮಾಡುತ್ತದೆ? ಗೋಲು ಬರುವ ಕಡೆ. ಆ ಸೀಸನ್‌ನ ನಮ್ಮ ಟೀಮ್ ನೋಡಿ. ಎಡ್ಗರ್ ಮೆಂಡೆಝ್, ಹೋರ್ಹೆ ಪೆರೇರಾ ಡಿಯಾಝ್, ರಯಾನ್ ವಿಲಿಯಮ್ಸ್, ಆಲ್ಬರ್ಟೊ ನೊಗೆರಾ. ನಾಲ್ವರೂ ದಾಳಿಯ ಕಡೆಯವರು, ನಾಲ್ವರೂ ಮೂವತ್ತು ದಾಟಿದವರು. ಅವರ ಜೊತೆ ಸುನಿಲ್ ಚೆಟ್ರಿ. ಇಷ್ಟು ಜನ ಇರುವಾಗ ಇಪ್ಪತ್ತರ ಸ್ಟ್ರೈಕರ್ ಹುಡುಗನಿಗೆ ಜಾಗ ಎಲ್ಲಿತ್ತು? ಅದಕ್ಕೇ ನಮ್ಮ ಹುಡುಗರು ಬ್ಯಾಕ್ ಆಗುತ್ತಾರೆ, ಮಿಡ್‌ಫೀಲ್ಡರ್ ಆಗುತ್ತಾರೆ, ವಿಂಗರ್ ಆಗುತ್ತಾರೆ. ಗೋಲಿನ ಮುಂದೆ ನಿಲ್ಲುವವನು ಮಾತ್ರ ಆಗುವುದಿಲ್ಲ. ಶಿವಶಕ್ತಿ ಪ್ರಶಸ್ತಿ ತಗೊಂಡು ಆಗಲೇ ಎರಡು ವರ್ಷ ಆಗಿತ್ತು. ಒಂಬತ್ತನೇ ನಂಬರಿನ ಜಾಗ, ಅಂದರೆ ಮುಖ್ಯ ಸ್ಟ್ರೈಕರ್ ಜಾಗ, ಅವನ ಹೆಸರಿಗೆ ಇನ್ನೂ ಬಂದಿರಲಿಲ್ಲ.

ಚೆಟ್ರಿ ಬಗ್ಗೆ ಬರೆಯುವಾಗ ನನಗೆ ಎದೆ ತುಂಬಿ ಬರುತ್ತದೆ. 2013ರಿಂದ ಇದೇ ಕ್ಲಬ್ಬು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಹೊಡೆದರು, 4-2 ಗೆದ್ದೆವು. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ ಆಟಗಾರ ಅವರೇ, 40 ವರ್ಷ. ಕೇರಳದ ಮ್ಯಾಚ್ ಅಂದರೆ ಕಂಠೀರವ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಒಂದು ಕಡೆ ಹಳದಿ, ಒಂದು ಕಡೆ ನೀಲಿ, ಮಾತು ಕಿವಿಗೆ ಬೀಳುವುದಿಲ್ಲ. ಮೂರನೇ ಗೋಲು ಬಂದಾಗ ಆಟ ಮುಗಿಯುವ ಹೊತ್ತು. ನನ್ನ ಗಂಟಲು ಅಷ್ಟು ಹೊತ್ತಿಗೇ ಹೋಗಿತ್ತು. ಮಾರನೇ ದಿನ ಫಸ್ಟ್ ಶಿಫ್ಟ್‌ನಲ್ಲಿ "ಮುಂದೆ ಹೋಗ್ರಪ್ಪಾ" ಅನ್ನಲೂ ಆಗದೆ ವಿಷಲ್‌ನಲ್ಲೇ ಕೆಲಸ ಮಾಡಿದೆ. ಸೀಸನ್ ಪೂರ್ತಿ ಅವರು ಹೊಡೆದದ್ದು 14 ಗೋಲು. ಆ ಸೀಸನ್ ಭಾರತೀಯರಲ್ಲಿ ಅಷ್ಟು ಗೋಲು ಬೇರೆ ಯಾರೂ ಹೊಡೆಯಲಿಲ್ಲ.

ಹಿಗ್ಗುತ್ತಾ ಹಿಗ್ಗುತ್ತಾ ನನಗೆ ಕಳವಳವೂ ಆಯಿತು. ನಲವತ್ತು ವರ್ಷದವರು ಮೊದಲಿದ್ದಾರೆ ಅಂದರೆ ಇಪ್ಪತ್ತರವರು ಎಲ್ಲಿದ್ದಾರೆ? 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ಚೆಟ್ರಿ ದೇಶದ ಟೀಮಿಗೆ ವಿದಾಯ ಹೇಳಿದ್ದರು. ಒಂಬತ್ತು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಮತ್ತೆ ಕರೆಸಿಕೊಂಡರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಬಂದವರೇ ಗೋಲು ಹೊಡೆದರು. ನಮ್ಮ ಕ್ಲಬ್ಬಿನ ತೊಂದರೆಯೂ ದೇಶದ ಟೀಮಿನ ತೊಂದರೆಯೂ ಒಂದೇ ಆಗಿತ್ತು. ಅವರ ನಂತರ ಯಾರು ಅನ್ನುವ ಪ್ರಶ್ನೆಗೆ ಹನ್ನೆರಡು ವರ್ಷದಿಂದ ಅವರ ಹೆಸರೇ ಉತ್ತರವಾಗಿತ್ತು.

ಹುಡುಗರನ್ನು ತಯಾರು ಮಾಡುವ ವ್ಯವಸ್ಥೆ ಕ್ಲಬ್ಬಿಗೆ ಇಲ್ಲ ಅಂತಲ್ಲ. ಬಳ್ಳಾರಿ ಕಡೆ, ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯೂನವರ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ವಸತಿ ಅಕಾಡೆಮಿ ನಡೆಸುತ್ತಿದ್ದಾರೆ. ಅಲ್ಲೇ ಊಟ, ಅಲ್ಲೇ ಓದು, ಅಲ್ಲೇ ಆಟ. ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಅಂತ ಎಳೆಯರಿಗೆ ಶುರು ಮಾಡಿದರಲ್ಲ, 2022ರಲ್ಲಿ ಅದರ ಮೊದಲ ಕಪ್ಪು ನಮ್ಮ ಹುಡುಗರದ್ದು. 2023ರಲ್ಲೂ ನಮ್ಮದೇ. ದೇಶದಲ್ಲೇ ಒಳ್ಳೆಯ ಹುಡುಗರು ನಮ್ಮಲ್ಲಿದ್ದಾರೆ ಅನ್ನಲು ಇದಕ್ಕಿಂತ ಏನು ಬೇಕು? ಆ ಗೆದ್ದ ಹುಡುಗರಿಗೆ ಮುಂದಿನ ಮೆಟ್ಟಿಲು ಬೇಕು. ಹದಿನೆಂಟು ಇಪ್ಪತ್ತರ ವಯಸ್ಸಲ್ಲಿ ವಾರಕ್ಕೊಂದು ಗಟ್ಟಿ ಮ್ಯಾಚ್ ಸಿಗದಿದ್ದರೆ ಕಲಿತದ್ದೂ ಕಾಲಿನಲ್ಲಿ ಉಳಿಯುವುದಿಲ್ಲ.

ಇದು ನನಗೆ ಮನೆಯಲ್ಲೇ ಗೊತ್ತಾದ ವಿಷಯ. ನನ್ನ ಅಕ್ಕನ ಮಗ ಚೆನ್ನಾಗಿ ಆಡುತ್ತಿದ್ದ. ನಗರದ ಒಂದು ಕೋಚಿಂಗ್ ಸೆಂಟರಿಗೆ ಮೂರು ವರ್ಷ ಫೀಸು ಕಟ್ಟಿದರು. ಭಾವ ಪೇಂಟಿಂಗ್ ಕೆಲಸದವರು, ಸಾಲ ಮಾಡಿಯೇ ಕಟ್ಟಿದ್ದು. ಬೆಳಿಗ್ಗೆ ಐದಕ್ಕೆ ನನ್ನದೇ ಬಸ್ಸಲ್ಲಿ ಕಿಟ್ ಬ್ಯಾಗ್ ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಾ ಹೋಗುತ್ತಿದ್ದ. ಹದಿನೇಳು ತುಂಬಿದ ಮೇಲೆ ಒಂದು ಸಂಜೆ ಮೊಬೈಲಿಗೆ ಎರಡು ಸಾಲು ಬಂತು, ಮುಂದಿನ ಬ್ಯಾಚಿಗೆ ಜಾಗ ಇಲ್ಲ ಅಂತ. ಯಾರೂ ಕೂರಿಸಿಕೊಂಡು ಮಾತಾಡಲಿಲ್ಲ. ಎಲ್ಲಿ ಕಡಿಮೆ ಬಿದ್ದ, ಬೇರೆ ಎಲ್ಲಿ ಹೋಗಿ ಆಡಬಹುದು, ಏನೂ ಹೇಳಲಿಲ್ಲ. ಈಗ ಅವನು ಊಟ ಡೆಲಿವರಿ ಮಾಡುತ್ತಾನೆ. ಶೂ ಇನ್ನೂ ಮಂಚದ ಕೆಳಗಿದೆ. ಟ್ರ್ಯಾಕಿನ ಮೇಲೆ ಲೇಸು ಕಟ್ಟುತ್ತಿದ್ದ ಆ ಹುಡುಗನನ್ನು ನೋಡಿದಾಗ ನನಗೆ ಅವನೇ ಕಂಡ. ಅಷ್ಟು ದೂರ ಬಂದವನು ಮೈದಾನದ ಗೆರೆ ದಾಟುವುದಕ್ಕೆ ಕಾಯುತ್ತಿದ್ದಾನೆ ಅಂದರೆ, ಅವನ ಹಿಂದೆ ದಾಟಲಾಗದೆ ಉಳಿದವರು ಎಷ್ಟು ಸಾವಿರ ಇರಬಹುದು!

ಮತ್ತೆ ಸೀಸನ್‌ಗೆ ಬರುತ್ತೇನೆ. ಸೆಪ್ಟೆಂಬರ್ ಕೊನೆಯಲ್ಲಿ ಮೋಹನ್ ಬಾಗಾನ್ ಬಂದಾಗ 3-0 ಗೆದ್ದೆವು. ಐದು ತಿಂಗಳ ಹಿಂದೆ ಅದೇ ಜಾಗದಲ್ಲಿ ನಾಲ್ಕು ಹಾಕಿ ಹೋದವರು ಅವರು. ಅವತ್ತು ಸುರೇಶ್ ಹೊಡೆದ ಗೋಲಿಗೆ ನಾನು ಪಕ್ಕದಲ್ಲಿದ್ದ ಅಪರಿಚಿತರನ್ನು ತಬ್ಬಿಕೊಂಡೆ. ಜನವರಿಯಲ್ಲಿ ನಮ್ಮ ಅದೇ ಟೀಮು ಮೊಹಮ್ಮಡನ್ ಎದುರು ಕಂಠೀರವದಲ್ಲೇ 1-0 ಸೋತಿತು. ಆ ವರ್ಷವಷ್ಟೇ ಲೀಗಿಗೆ ಬಂದ, ಕೊನೆಯ ಜಾಗದಲ್ಲಿ ಮುಗಿಸಿದ ಟೀಮದು. ಹೊಟ್ಟೆ ಉರಿಯಿತು. ಕಟ್ಟುತ್ತಿರುವ ಟೀಮ್ ಅಂದರೆ ಹೀಗೇ. ಒಂದು ಶನಿವಾರ ಆಕಾಶಕ್ಕೆ ಏರಿಸುತ್ತದೆ, ಇನ್ನೊಂದು ಶನಿವಾರ ನೆಲಕ್ಕೆ ಬಿಸಾಕುತ್ತದೆ. ಎರಡಕ್ಕೂ ತಯಾರಿರುವವರು ಟಿಕೆಟ್ ತಗೊಳ್ಳಿ.

ಲೀಗಿನಲ್ಲಿ 38 ಪಾಯಿಂಟ್, ಮೂರನೇ ಜಾಗ. ಮಾರ್ಚ್ 29ರ ಪ್ಲೇಆಫ್‌ನಲ್ಲಿ ಮುಂಬೈ ಎದುರು 5-0. ಎಷ್ಟು ಕೊಟ್ಟಿದ್ದರೂ ದುಡ್ಡು ವಸೂಲಾಗುವ ರಾತ್ರಿ ಅದು. ಒಂಬತ್ತನೇ ನಿಮಿಷಕ್ಕೇ ಸುರೇಶ್ ಶುರು ಮಾಡಿದ. ಐದು ಗೋಲನ್ನು ಐದು ಜನ ಹೊಡೆದರು. 2017ರ ಹದಿನೇಳರೊಳಗಿನವರ ವಿಶ್ವಕಪ್ ಆಡಿದ್ದ ಹುಡುಗ ಈ ಸುರೇಶ್. 2019ರಲ್ಲಿ ನಮ್ಮಲ್ಲಿಗೆ ಬಂದ. ಆರು ವರ್ಷ ಬಿಟ್ಟುಕೊಡದೆ ಆಡಿಸಿದ್ದಕ್ಕೆ ಇವತ್ತು ಮಿಡ್‌ಫೀಲ್ಡಿನ ಬೆನ್ನೆಲುಬಾಗಿದ್ದಾನೆ. ಸ್ಟ್ರೈಕರ್ ಹುಡುಗನಿಗೂ ಇದೇ ತಾಳ್ಮೆ ತೋರಿಸಿ ಅಂತ ನಾನು ಕೇಳುವುದು. ದಾರಿ ಕ್ಲಬ್ಬಿಗೆ ಗೊತ್ತಿದೆ, ಒಂದು ಸಲ ನಡೆದಿದ್ದಾರೆ.

ಸೆಮಿಫೈನಲ್‌ನಲ್ಲಿ ಗೋವಾವನ್ನು ಇಲ್ಲಿ 2-0 ಸೋಲಿಸಿದರು. ಅಲ್ಲಿ ಹೋಗಿ 2-0 ಹಿಂದೆ ಬಿದ್ದಾಗ ಇಂಜುರಿ ಟೈಮಿನಲ್ಲಿ ಮತ್ತೆ ಚೆಟ್ರಿ, ಮತ್ತೆ ತಲೆಯಿಂದ. ಏಪ್ರಿಲ್ 12ರ ಫೈನಲ್ ಕೋಲ್ಕತ್ತದಲ್ಲಿ, ಮೋಹನ್ ಬಾಗಾನ್ ಎದುರು. ನನಗೆ ಸೆಕೆಂಡ್ ಶಿಫ್ಟ್. ಟ್ರಿಪ್ಪಿನ ನಡುವೆ ನಿಂತ ಬಸ್ಸಿನಲ್ಲಿ ಡ್ರೈವರ್ ಫೋನ್ ಇಟ್ಟುಕೊಂಡು ನಾವಿಬ್ಬರೂ ನೋಡಿದೆವು. ಮೊದಲು ಮುಂದೆ ಇದ್ದದ್ದು ನಾವು. ಆಮೇಲೆ ಅವರಿಗೊಂದು ಪೆನಾಲ್ಟಿ, ಆಮೇಲೆ ಎಕ್ಸ್‌ಟ್ರಾ ಟೈಮಿನಲ್ಲಿ ಅವರ ಮೆಕ್ಲಾರೆನ್ ಗೋಲು. 2-1. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊರಡುವ ಟೈಮ್ ಆಗಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದೆ. ಮಗಳ ಮೆಸೇಜ್ ಬಂದಿತ್ತು: "ಅಪ್ಪಾ ಊಟ ಮಾಡಿದ್ಯಾ?" ಬೇರೆ ಏನೂ ಬರೆದಿರಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ರಾತ್ರಿ 7:30ರ ಮ್ಯಾಚ್ ಮುಗಿಯುವಾಗ 9:30 ದಾಟುತ್ತದೆ. ಕಾರ್ಪೊರೇಷನ್ ಸರ್ಕಲ್‌ವರೆಗೆ ನಡೆದರೆ ಬಸ್ಸಿದೆ. ಮೆಟ್ರೋದವರಿಗೆ ಕಬ್ಬನ್ ಪಾರ್ಕ್ ಸ್ಟೇಷನ್. ಗಾಡಿ ತರಬೇಡಿ, ಕಸ್ತೂರಬಾ ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಫಸ್ಟ್ ಹಾಫ್ ಅರ್ಧ ಹೋಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರೇನ್‌ಕೋಟ್ ಇಟ್ಟುಕೊಳ್ಳಿ. ಹಾಡು, ಡ್ರಮ್ಮು, ಕುಣಿತ ಬೇಕು ಅಂದರೆ ವೆಸ್ಟ್ ಬ್ಲಾಕ್. ಕ್ಲಬ್ಬು ಹುಟ್ಟಿದಾಗಿನಿಂದ ನಿಂತೇ ಕೂಗುತ್ತಿರುವ ಹುಡುಗರು ಹುಡುಗಿಯರು ಅಲ್ಲಿರುತ್ತಾರೆ. ಹತ್ತನೇ ಜಾಗ ಬಂದ ವರ್ಷವೂ ಅವರ ದನಿ ಇಳಿಯಲಿಲ್ಲ. ಮ್ಯಾಚ್ ಮುಗಿದ ಮೇಲೆ ಗೆದ್ದರೂ ಸೋತರೂ ಆಟಗಾರರು ಅವರ ಮುಂದೆ ಬಂದು ಚಪ್ಪಾಳೆ ತಟ್ಟಿ ಹೋಗುತ್ತಾರೆ. ಮಗಳಂಥವರ ಜೊತೆ ಆಟ ಕಲಿಯುತ್ತಾ ನೋಡಬೇಕು ಅಂದರೆ ನಾನು ಹೇಳಿದ ಮೂಲೆ ಒಳ್ಳೆಯದು. ಮುಂದಿನ ಸೀಸನ್‌ಗೂ ನಾವು ಅಲ್ಲೇ.

ಹುಡುಗರನ್ನು ಇನ್ನೂ ಹತ್ತಿರದಿಂದ ನೋಡುವ ಆಸೆ ಇದ್ದರೆ ಕಂಠೀರವವೇ ಬೇಕಂತಿಲ್ಲ. ಕ್ಲಬ್ಬಿನ ಎರಡನೇ ಟೀಮು ಬೆಂಗಳೂರು ಸೂಪರ್ ಡಿವಿಷನ್ ಲೀಗಿನಲ್ಲಿ ಆಡುತ್ತದೆ. ಅಶೋಕನಗರದ ಅದೇ ಹಳೆಯ ಸ್ಟೇಡಿಯಂನಲ್ಲಿ ಅವರ ಮ್ಯಾಚ್ ಇದ್ದ ದಿನ, ಫಸ್ಟ್ ಶಿಫ್ಟ್ ಮುಗಿಸಿ ಡಿಪೋದಲ್ಲಿ ದುಡ್ಡು ಕಟ್ಟಿ, ಯೂನಿಫಾರ್ಮ್‌ನಲ್ಲೇ ಹೋಗಿಬಿಟ್ಟಿದ್ದೇನೆ. ಇಲ್ಲಿ ಟ್ರ್ಯಾಕ್ ಇಲ್ಲ. ಕಂಬಿಗೆ ಎದೆ ಕೊಟ್ಟು ನಿಂತರೆ ಶೂ ಬಾಲಿಗೆ ತಗಲುವ ಸದ್ದು ಕೇಳುತ್ತದೆ. ಹುಡುಗರು ಕೂಗುವುದೂ ಕೇಳುತ್ತದೆ, ಕನ್ನಡ, ತಮಿಳು, ಹಿಂದಿ, ಮಣಿಪುರಿ ಎಲ್ಲ ಕಲೆಸಿ. ಹೋದ ಸಲ ಗೋಲಿನ ಮುಂದೆ ಉದ್ದ ಕಾಲಿನ ಒಬ್ಬ ಹುಡುಗ ಆಡುತ್ತಿದ್ದ. ಎರಡು ಸುಲಭದ ಚಾನ್ಸ್ ಕಳೆದ. ಮೂರನೇದಕ್ಕೂ ಹೆದರದೆ ಅಲ್ಲೇ ಹೋಗಿ ನಿಂತ. ಅದು ಕಂಬಕ್ಕೆ ಬಡಿದು ಹೊರಗೆ ಬಂತು. ಮಗಳು ಸ್ಕೂಲ್ ಬ್ಯಾಗಿನಿಂದ ಪುಸ್ತಕ ತೆಗೆದು ಕೊನೆಯ ಹಾಳೆಯಲ್ಲಿ ಅವನ ಜೆರ್ಸಿ ನಂಬರು ಬರೆದುಕೊಂಡಳು.